ಸಮಾಧಾನ: ಹೈದರಾಬಾದಿನಲ್ಲಿ ಒಂದು ಮಾತು ಬೆಳೆದ ಬಗೆ

ಕನ್ನಡ ಬೈಬಲ್ಲಿನಲ್ಲಿ ಶಾಂತಿಗೆ ಬಳಸಿರುವ ಮಾತು ‘ಸಮಾಧಾನ’. ಮನೆಯ ಬಳಕೆಯಲ್ಲಿ ಆ ಮಾತಿನ ದಾರಿ ಬೇರೆ. ಸಾವಾದ ಮನೆಗೆ ಹೋಗಿ ಸಮಾಧಾನ ಹೇಳುತ್ತೇವೆ. ಅಳುವ ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡುತ್ತೇವೆ. ತೆಲುಗು ಬೈಬಲ್ಲಿನಲ್ಲಿರುವುದೂ ಇದೇ ಮಾತು. ಆದರೆ ತೆಲುಗು ಕಲಿಯುವ ಹೈದರಾಬಾದಿನ ಶಾಲೆಯ ಮಗುವಿಗೆ ‘ಸಮಾಧಾನಂ’ ಎಂದರೆ ಉತ್ತರ, ಪ್ರಶ್ನೆ ಕೇಳಿದವರಿಗೆ ಕೊಡಬೇಕಾದದ್ದು. ನೊಂದವರಿಗೆ ಸಮಾಧಾನ ಹೇಳಿ ಎದ್ದು ಬರುವುದು ಒಂದು. ಅವರು ಕೇಳುವ ಪ್ರಶ್ನೆಗೆ ಸಮಾಧಾನ ಕೊಡುವುದು ಇನ್ನೊಂದು. ಆಂಗ್ಲಿಕನ್ ಪರಂಪರೆಯ ಕ್ರೈಸ್ತ ಸಭೆ ಹೈದರಾಬಾದ್ ಸೀಮೆಯಲ್ಲಿ ನೂರು ವರ್ಷಕ್ಕೂ ಮಿಕ್ಕಿ ನಡೆದು ಬಂದಿರುವುದು ಮೊದಲನೆಯದರಿಂದ ಎರಡನೆಯದರ ಕಡೆಗೆ. ಪೂರ್ತಿ ತಲುಪಿದೆ ಎಂದು ಹೇಳಲಾರೆ.

ಕಥೆ ಶುರುವಾಗುವುದು ನಿಜಾಮರ ರಾಜ್ಯದ ಪೂರ್ವದ ಅಂಚಿನ ಡೋರ್ನಕಲ್ಲಿನಲ್ಲಿ. ಈಗ ತೆಲಂಗಾಣದ ಮಹಬೂಬಾಬಾದ್ ಜಿಲ್ಲೆಯಲ್ಲಿರುವ ಈ ಊರನ್ನು ರೈಲಿನಲ್ಲಿ ಓಡಾಡುವವರು ಜಂಕ್ಷನ್ ಎಂದಷ್ಟೇ ಬಲ್ಲರು. ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ 1874ರಲ್ಲಿ ಹುಟ್ಟಿದ ವಿ.ಎಸ್. ಅಜರಯ್ಯ ಭಾಷೆ ಬಾರದ ಈ ನೆಲಕ್ಕೆ ಬಂದು, ಮೊದಮೊದಲು ಗುಡಾರದಲ್ಲೇ ಸಂಸಾರ ಹೂಡಿದರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸೇಂಟ್ ಪಾಲ್ ಕೆಥೆಡ್ರಲ್‌ನಲ್ಲಿ ಅವರಿಗೆ ಬಿಷಪ್ ಪಟ್ಟವಾಯಿತು. ಆಂಗ್ಲಿಕನ್ ಸಭೆಯಲ್ಲಿ ಆ ಪೀಠಕ್ಕೇರಿದ ಮೊದಲ ಭಾರತೀಯ ಅವರು. ಕರಿಯ ಚರ್ಮದ ಬಿಷಪ್ಪನ ಕೈಕೆಳಗೆ ಬಿಳಿಯ ಪಾದ್ರಿಗಳು ಕೆಲಸ ಮಾಡುವುದು ಹೇಗೆ ಎಂದು ಆಗ ಗಂಭೀರವಾಗಿ ಚರ್ಚಿಸಿದವರಿದ್ದರು.

ಅದಕ್ಕೂ ಎರಡು ವರ್ಷ ಮೊದಲು, 1910ರಲ್ಲಿ, ಎಡಿನ್‌ಬರೋದಲ್ಲಿ ನಡೆದ ಜಾಗತಿಕ ಮಿಷನರಿ ಸಮ್ಮೇಳನದಲ್ಲಿ ಅಜರಯ್ಯ ಎದ್ದು ನಿಂತು ಮಾತಾಡಿದ್ದರು. ಮಿಷನರಿಗಳ ತ್ಯಾಗವನ್ನು ನೆನೆದು ಕೃತಜ್ಞತೆ ಹೇಳಿದ ಮೇಲೆ, ಭಾರತದ ಕ್ರೈಸ್ತರು ಕೇಳುತ್ತಿರುವುದು ಸ್ನೇಹವನ್ನು, ಅದನ್ನು ಕೊಡಿ ಎಂದರು. ಸಭಿಕರಲ್ಲಿ ಹಲವರಿಗೆ ಅದು ನಾಟಿತು, ಕೆಲವರಿಗೆ ಸಿಟ್ಟು ಬಂತು. ಆಂಗ್ಲಿಕನ್ ಲೋಕದಲ್ಲಿ ಶಾಂತಿಯ ಬಗ್ಗೆ ಆಮೇಲೆ ಹೊರಟ ಎಷ್ಟೋ ನಿರ್ಣಯಗಳಿಗಿಂತ ಆ ಒಂದು ಬೇಡಿಕೆ ದೊಡ್ಡದು ಎಂದು ನನಗೆ ಅನ್ನಿಸುತ್ತದೆ. ದಾನ ಮಾಡುವವನು ಮೇಲೆ ನಿಂತೇ ಮಾಡಬಹುದು. ಸ್ನೇಹ ಬೇಕೆಂದರೆ ಕೆಳಗಿಳಿದು ಪಂಕ್ತಿಯಲ್ಲಿ ಕೂರಬೇಕು.

ಡೋರ್ನಕಲ್ಲಿನ ಸುತ್ತ ಸಭೆಗೆ ಸೇರಿದವರಲ್ಲಿ ಹೆಚ್ಚಿನವರು ಮಾಲ, ಮಾದಿಗ ಕೇರಿಗಳವರು. ಅಜರಯ್ಯ ಕೇರಿಯಿಂದ ಕೇರಿಗೆ ತಿರುಗಿ ಶಾಲೆ ತೆರೆದರು, ಅಕ್ಷರ ಕಲಿಸುವವರನ್ನು ಅದೇ ಕೇರಿಗಳಿಂದ ಬೆಳೆಸಿದರು. 1939ರ ಜನವರಿ 6ರಂದು ಪ್ರತಿಷ್ಠೆಯಾದ ಅವರ ಕೆಥೆಡ್ರಲ್ಲಿನಲ್ಲಿ ಗುಂಬಜ್ ಇದೆ, ಮಿನಾರಿನಂಥ ಗೋಪುರಗಳಿವೆ, ದೇವಸ್ಥಾನದ ಮಂಟಪ ನೆನಪಿಸುವ ಕಂಬಗಳಿವೆ, ಕಲ್ಲಿನಲ್ಲಿ ಅರಳಿದ ಕಮಲವಿದೆ. ನೆರೆಯವರ ಕಟ್ಟೋಣವನ್ನೆಲ್ಲ ತನ್ನದೆಂದು ಒಪ್ಪಿಕೊಂಡ ಕಟ್ಟಡ ಅದು. 1930ರ ದಶಕದಲ್ಲಿ ಕ್ರೈಸ್ತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕೇ ಎಂಬ ಪ್ರಶ್ನೆ ಬಂದಾಗ ಅಜರಯ್ಯ ಬೇಡವೆಂದರು. ಸಭೆ ರಾಜಕೀಯ ಕೋಮಾಗಿಬಿಟ್ಟರೆ ನೆರೆಹೊರೆಯಿಂದ ಕಡಿದುಹೋಗುತ್ತದೆ ಎಂಬ ಭಯ ಅವರದು. ಮತಾಂತರದ ವಿಷಯದಲ್ಲಿ ಗಾಂಧೀಜಿಗೂ ಅವರಿಗೂ ಕೊನೆಯವರೆಗೆ ಹೊಂದಲಿಲ್ಲ. ಕೇರಿಯ ಜನ ತಮ್ಮ ದಾರಿಯನ್ನು ತಾವೇ ಆರಿಸಿಕೊಳ್ಳಬಲ್ಲರು ಎಂಬ ಮಾತಿನಲ್ಲಿ ಅಜರಯ್ಯ ಗಟ್ಟಿಯಾಗಿ ನಿಂತರು, ಮತ್ತು ಅಲ್ಲಿ ನ್ಯಾಯ ಅವರ ಕಡೆಗಿತ್ತು ಎಂಬುದು ನನ್ನ ಅಭಿಪ್ರಾಯ. ಆದರೆ ಜಮೀನು ಯಾರದು, ಕೂಲಿ ಎಷ್ಟು, ಜೀತ ಬಿಡಿಸುವುದು ಹೇಗೆ ಎಂಬ ಪ್ರಶ್ನೆಗಳು ಶಾಲೆಯ ಬಾಗಿಲಲ್ಲೇ ಉಳಿದವು. 1945ರ ಜನವರಿ 1ರಂದು ಅವರು ತೀರಿಕೊಂಡ ಮರುವರ್ಷವೇ ತೆಲಂಗಾಣದ ರೈತಕೂಲಿಗಳು ಆ ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಬೀದಿಗೆ ಬಂದರು.

ಅದೇ ಕಾಲದಲ್ಲಿ ಇದೇ ರಾಜ್ಯದಲ್ಲಿ ಮೆಥಡಿಸ್ಟರೂ ಕೆಲಸ ನಡೆಸಿದ್ದರು. ಮೆದಕ್‌ನ ಅವರ ದೊಡ್ಡ ಚರ್ಚನ್ನು ಬೀದರ್ ಕಡೆಯ ಅನೇಕರು ಕಂಡಿರುತ್ತಾರೆ. ಮೆಥಡಿಸ್ಟ್ ಪಾದ್ರಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಬರಗಾಲದಲ್ಲಿ ಹಸಿದವರಿಗೆ ಕೆಲಸ ಮತ್ತು ಊಟ ಎರಡೂ ಸಿಗಲೆಂದು ಕಟ್ಟಿಸಿದ್ದು. 1924ರ ಕ್ರಿಸ್‌ಮಸ್ ದಿನ ತೆರೆಯಿತು. ಹಸಿದಾಗ ಅನ್ನವಿಟ್ಟದ್ದನ್ನು ಆ ಸೀಮೆ ಮರೆತಿಲ್ಲ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್‌ಬಿಟೇರಿಯನ್ನರು, ಕಾಂಗ್ರಿಗೇಷನಲ್ ಸಭೆಯವರು ಒಂದಾಗಿ ದಕ್ಷಿಣ ಭಾರತ ಸಭೆಯಾದರು. ನಮ್ಮೂರುಗಳಲ್ಲಿ ಸಿ.ಎಸ್.ಐ. ಚರ್ಚು ಎನ್ನುವುದು ಇದನ್ನೇ. ಡೋರ್ನಕಲ್, ಮೆದಕ್ ಎರಡೂ ಒಂದೇ ಮನೆಯವಾದವು. ದೇಶ ಎರಡಾಗಿ ಪಂಜಾಬು ಹೊತ್ತಿ ಉರಿಯುತ್ತಿದ್ದ ತಿಂಗಳಲ್ಲಿ, ತಲೆಮಾರುಗಳಿಂದ ಬೇರೆ ಒಲೆ ಹೂಡಿದ್ದವರು ಹೀಗೆ ಒಟ್ಟಾದದ್ದನ್ನು ನೆನೆದಾಗಲೆಲ್ಲ ಮನಸ್ಸು ತುಂಬುತ್ತದೆ.

ಮರುವರ್ಷವೇ ಹೈದರಾಬಾದ್ ರಾಜ್ಯದ ಸರದಿ ಬಂತು. ಬೀದರ್, ಕಲಬುರಗಿ, ರಾಯಚೂರಿನವರಿಗೆ ಇದು ಬೇರೆಯವರ ಚರಿತ್ರೆಯಲ್ಲ. 1948ರ ಮೇ ತಿಂಗಳಲ್ಲಿ ಬೀದರ್ ಸೀಮೆಯ ಗೋರ್ಟಾದಲ್ಲಿ ನಿಜಾಮರ ಪರವಾದ ರಜಾಕಾರರ ಹಿಂಸೆ. ರಾಜ್ಯವನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಮುಸ್ಲಿಮರ ಮೇಲೆ ಹಿಂಸೆ. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜು ಮಾಡಿ, ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಎರಡನ್ನೂ ಹೆಸರಿಸಿತು. ವರದಿ ದಶಕಗಳ ಕಾಲ ಸಾರ್ವಜನಿಕರ ಕೈಗೆ ಸಿಗಲಿಲ್ಲ. ಗಾಯ ತೊಳೆಯದೆ ಮೇಲೆ ಬಟ್ಟೆ ಸುತ್ತಿದ ಹಾಗಾಯಿತು. ಹೈದರಾಬಾದಿನ ಹಳೇ ಪಟ್ಟಣದಲ್ಲಿ ಮುಂದಿನ ಗಲಭೆಗಳು ಎದ್ದದ್ದು ಆ ಗಾಯದ ಮೇಲೆಯೇ.

ಹೈದರಾಬಾದಿಗೆ 1971ರಲ್ಲಿ ಒಂದು ಸಂಸ್ಥೆ ಬಂದು ನೆಲೆಸಿತು: ಹೆನ್ರಿ ಮಾರ್ಟಿನ್ ಇನ್‌ಸ್ಟಿಟ್ಯೂಟ್. ಇದು ಆಂಗ್ಲಿಕನ್ನರದಷ್ಟೇ ಅಲ್ಲ, ಸಿ.ಎಸ್.ಐ. ಸೇರಿದಂತೆ ಹಲವು ಸಭೆಗಳು ಕೂಡಿ ನಡೆಸುವಂಥದ್ದು. ಹೆಸರು ಮಾತ್ರ ಆಂಗ್ಲಿಕನ್ ಪಾದ್ರಿಯದು. ಹೆನ್ರಿ ಮಾರ್ಟಿನ್ 1806ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಯಾಗಿ ಕಲ್ಕತ್ತೆಗೆ ಬಂದು, ಹೊಸ ಒಡಂಬಡಿಕೆಯನ್ನು ಉರ್ದುವಿಗೂ ಪಾರ್ಸಿಗೂ ತಂದು, 1812ರಲ್ಲಿ ತುರ್ಕಿಯ ತೋಕಾತ್‌ನಲ್ಲಿ ಮೂವತ್ತೊಂದನೆಯ ವಯಸ್ಸಿಗೆ ಪ್ರಾಣ ಬಿಟ್ಟವರು. ಕಾನ್ಪುರದಲ್ಲಿದ್ದಾಗ ಭಾನುವಾರಗಳಂದು ತಮ್ಮ ಬಂಗಲೆಯ ಅಂಗಳದಲ್ಲಿ ಸೇರುತ್ತಿದ್ದ ಭಿಕ್ಷುಕರೊಡನೆ ಮಾತಾಡುತ್ತಿದ್ದರು. ಅಲ್ಲಿ ಕೇಳಿಸಿಕೊಂಡವರಲ್ಲಿ ಒಬ್ಬರು ಮುಂದೆ ಅಬ್ದುಲ್ ಮಸೀಹ್ ಎಂಬ ಹೆಸರಿನಲ್ಲಿ ಆಂಗ್ಲಿಕನ್ ಪಾದ್ರಿಯಾದರು.

1930ರಲ್ಲಿ ಲಾಹೋರಿನಲ್ಲಿ ಈ ಸಂಸ್ಥೆ ಹುಟ್ಟಿದಾಗ ಅದರ ಉದ್ದೇಶ ನೇರವಾಗಿತ್ತು: ಮುಸ್ಲಿಮರ ನಡುವೆ ಕೆಲಸ ಮಾಡುವ ಮಿಷನರಿಗಳಿಗೆ ಇಸ್ಲಾಮನ್ನು ಕಲಿಸುವುದು. ಕಲಿಯುವುದು ಒಪ್ಪಿಸುವುದಕ್ಕಾಗಿ. ಅಲೀಗಢ, ಜಬಲ್‌ಪುರ, ಲಖನೌ ಸುತ್ತಿ ಹೈದರಾಬಾದಿಗೆ ಬರುವ ಹೊತ್ತಿಗೆ ಆ ಕಲಿಕೆಯೇ ಕಲಿಯುವವರನ್ನು ಬದಲಿಸಿತ್ತು. ಇನ್ನೊಬ್ಬರ ಗ್ರಂಥವನ್ನು ವರ್ಷಗಟ್ಟಲೆ ಶ್ರದ್ಧೆಯಿಂದ ಓದಿದವನಿಗೆ ಅವರನ್ನು ಎದುರಾಳಿ ಎಂದು ನೋಡುವುದು ಕಷ್ಟವಾಗುತ್ತದೆ. ವಾದಕ್ಕೆ ತಯಾರಿ ನಡೆಸುತ್ತಿದ್ದ ಜಾಗದಲ್ಲಿ ಸಂವಾದ ಶುರುವಾಯಿತು.

ಆಮೇಲೆ 1990ರ ಡಿಸೆಂಬರ್. ಅಯೋಧ್ಯೆಯ ರಥಯಾತ್ರೆಯ ಬಿಸಿ ದೇಶದಲ್ಲೆಲ್ಲ ಹರಡಿದ್ದ ಹೊತ್ತು. ಹೈದರಾಬಾದಿನ ಹಳೇ ಪಟ್ಟಣದಲ್ಲಿ ಚೂರಿ ಇರಿತಗಳು ನಡೆದವು, ನೂರಕ್ಕೂ ಹೆಚ್ಚು ಜನ ಸತ್ತರು, ಮುಖ್ಯಮಂತ್ರಿ ಚೆನ್ನಾರೆಡ್ಡಿ ಕುರ್ಚಿ ಬಿಟ್ಟರು. ಇಸ್ಲಾಮನ್ನು ಓದುತ್ತ, ಸಂವಾದದ ಗೋಷ್ಠಿ ನಡೆಸುತ್ತ ಕುಳಿತಿದ್ದವರ ಎದುರಿಗೆ ತಮ್ಮದೇ ಊರು ಕರ್ಫ್ಯೂವಿನಲ್ಲಿ ಬಿದ್ದಿತ್ತು. ಪರಿಹಾರದ ಸಾಮಾನು ಹೊತ್ತು ಅವರು ಗಲ್ಲಿಗಳಿಗೆ ಇಳಿದರು. ಶಾಂತಿಯ ಈ ಕೆಲಸದ ಚರಿತ್ರೆಯನ್ನು ಎರಡಾಗಿ ಸೀಳುವ ಗೆರೆ ಯಾವುದೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ಚಳಿಗಾಲವನ್ನು.

ಅಕ್ಕಿ, ಕಂಬಳಿ ಹಂಚುವುದು ಕೆಲವು ವಾರಗಳ ಕೆಲಸ. ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಹಿಂದೂ ಮನೆಗಳೂ ಮುಸ್ಲಿಂ ಮನೆಗಳೂ ಒತ್ತಿಕೊಂಡಿರುವ ಸುಲ್ತಾನ್ ಶಾಹಿಯಲ್ಲಿ ಎರಡೂ ಕಡೆಯ ನಿವಾಸಿಗಳು ಸೇರಿದ ‘ಅಮನ್ ಶಾಂತಿ’ ವೇದಿಕೆ ರೂಪುಗೊಂಡಿತು. ಒಂದೇ ಅರ್ಥದ ಎರಡು ಮಾತನ್ನು ಪಕ್ಕಪಕ್ಕ ಇಟ್ಟ ಹೆಸರು ಅದು. ಉರ್ದುವಿನವರಿಗೆ ಅಮನ್, ಉಳಿದವರಿಗೆ ಶಾಂತಿ, ಯಾರೂ ತಮ್ಮ ಮಾತು ಬಿಡಬೇಕಾಗಿಲ್ಲ. ಮಕ್ಕಳಿಗೆ ಶಾಲೆ ಬಂತು, ಹೆಂಗಸರಿಗೆ ಹೊಲಿಗೆ ತರಬೇತಿ ಬಂತು.

ಹೊಲಿಗೆ ಯಂತ್ರಕ್ಕೂ ಶಾಂತಿಗೂ ಏನು ಸಂಬಂಧ? ಕರ್ಫ್ಯೂ ಬಿದ್ದರೆ ದಿನಗೂಲಿಯವರ ಮನೆಯಲ್ಲಿ ಅಂದೇ ಒಲೆ ಆರುತ್ತದೆ. ಆಟೊ ಓಡುವುದಿಲ್ಲ, ಬಂಡಿಯಲ್ಲಿ ಹಣ್ಣು ಮಾರುವವನು ಹೊರಗೆ ಹೋಗುವಂತಿಲ್ಲ. ಹೊಲಿಗೆ ಬಲ್ಲ ಹೆಂಗಸಿನ ಕೈಯಲ್ಲಿ ಮನೆಯೊಳಗೇ ಒಂದು ಸಂಪಾದನೆ ಇರುತ್ತದೆ. ಅದು ಮೇಲಿನ ಕಾರಣ. ಒಳಗಿನದು ಇನ್ನೊಂದಿದೆ. ಶಾಂತಿಸಭೆಗೆ ಬಾ ಎಂದರೆ ಸೊಸೆಯನ್ನು ಕಳಿಸದ ಮನೆಯವರು ಹೊಲಿಗೆ ಕಲಿಯಲು ಕಳಿಸುತ್ತಾರೆ. ಒಂದೇ ಕೋಣೆಯಲ್ಲಿ ಕೂತು ಕತ್ತರಿ, ಅಳತೆಯ ಟೇಪು ಕೈ ಬದಲಾಯಿಸುವಾಗ ಹೆಸರು ಗೊತ್ತಾಗುತ್ತದೆ, ಮಕ್ಕಳ ಜ್ವರ ಗೊತ್ತಾಗುತ್ತದೆ. ನಾಳೆ ಯಾರೋ ಬಂದು ಆ ಗಲ್ಲಿಯವರು ನಮ್ಮವರನ್ನು ಕಡಿದರಂತೆ ಎಂದು ಸುದ್ದಿ ಹಬ್ಬಿಸಿದರೆ, ಹೋಗಿ ಕೇಳಲು ಆ ಗಲ್ಲಿಯಲ್ಲಿ ಒಂದು ಮನೆ ಇರುತ್ತದೆ. ಗಾಳಿಸುದ್ದಿ ಅಲ್ಲಿ ಕಾಲು ಮುರಿದುಕೊಳ್ಳುತ್ತದೆ. ವಿದ್ವಾಂಸ ಅಶುತೋಷ್ ವಾರ್ಷ್ಣೇಯ ಹೈದರಾಬಾದನ್ನು ಲಖನೌ ಜೊತೆಗಿಟ್ಟು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ಪುಸ್ತಕದ ಸಾರವೂ ಇದೇ: ಎರಡೂ ಕೋಮಿನವರು ಒಟ್ಟಿಗೆ ಕೂರುವ ಸಂಘಸಂಸ್ಥೆಗಳು, ಕಸುಬಿನ ಕೊಂಡಿಗಳು ಇರುವ ಊರು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ.

1990ರ ದಶಕದಲ್ಲಿ ಸಂಸ್ಥೆಯನ್ನು ಮುನ್ನಡೆಸಿದ ಆಂಡ್ರಿಯಾಸ್ ಡಿಸೋಜಾ ಮತ್ತು ಸಂಗಡಿಗರು ಈ ಅನುಭವವನ್ನೇ ಪಾಠವಾಗಿಸಿ ಸಂಘರ್ಷ ಪರಿವರ್ತನೆಯ ತರಬೇತಿ ಶುರುಮಾಡಿದರು. ಪರಧರ್ಮ ಅಧ್ಯಯನಕ್ಕೆ ಬರುತ್ತಿದ್ದವರ ಜೊತೆಗೆ ಗಲಭೆಯ ಊರುಗಳಲ್ಲಿ ಕೆಲಸ ಮಾಡುವವರೂ ಬರತೊಡಗಿದರು. ಸಂಸ್ಥೆಯ ಹೆಸರಿನ ಜೊತೆಗೇ ‘ಮರುಹೊಂದಾಣಿಕೆ’ ಎಂಬ ಮಾತು ಸೇರಿಕೊಂಡಿತು.

ಇಷ್ಟು ಹೊತ್ತಿಗೆ ಹೊರಗಿನ ಆಂಗ್ಲಿಕನ್ ಲೋಕ ಎಲ್ಲಿತ್ತು? 1930ರ ಲ್ಯಾಂಬೆತ್ ಸಮ್ಮೇಳನದಲ್ಲಿ ಬಿಷಪ್ಪರು ಯುದ್ಧವು ಯೇಸುವಿನ ಬೋಧನೆಗೆ ಹೊಂದದ್ದು ಎಂದು ಸಾರಿದ್ದರು. ಹತ್ತು ವರ್ಷದೊಳಗೆ ಮಹಾಯುದ್ಧ ಬಂತು. 1940ರ ನವೆಂಬರಿನಲ್ಲಿ ಬಾಂಬಿಗೆ ಉರುಳಿದ ಕಾವೆಂಟ್ರಿ ಕೆಥೆಡ್ರಲ್ಲಿನ ಹಳೆಯ ಮೊಳೆಗಳಿಂದ ಶಿಲುಬೆ ಮಾಡಿ, ಅಲ್ಲಿನ ಸಭೆಯವರು ಬಾಂಬು ಹಾಕಿದ ದೇಶದವರೊಡನೆಯೇ ಕೈ ಜೋಡಿಸಿದರು. ದಕ್ಷಿಣ ಆಫ್ರಿಕದಲ್ಲಿ ಡೆಸ್ಮಂಡ್ ಟೂಟು, ಸತ್ಯ ಹೊರಬರದೆ ಕ್ಷಮೆ ಇಲ್ಲ ಎಂಬುದನ್ನು ಸತ್ಯಶೋಧನೆಯ ಆಯೋಗವನ್ನೇ ಮುನ್ನಡೆಸಿ ತೋರಿಸಿದರು. 1984ರಲ್ಲಿ ನೈಜೀರಿಯಾದ ಬಡಾಗ್ರಿಯಲ್ಲಿ ಸೇರಿದ ಆಂಗ್ಲಿಕನ್ ಸಮಾಲೋಚನಾ ಮಂಡಳಿ ಸಭೆಯ ಕರ್ತವ್ಯಗಳನ್ನು ಪಟ್ಟಿ ಮಾಡಿತು. ಅನ್ಯಾಯದ ವ್ಯವಸ್ಥೆಗಳನ್ನು ಬದಲಿಸುವುದು ಅದರಲ್ಲಿತ್ತು. ಹಿಂಸೆಯನ್ನು ಎದುರಿಸಿ ಶಾಂತಿ, ಮರುಹೊಂದಾಣಿಕೆಗಾಗಿ ದುಡಿಯುವುದು ಆ ಸಾಲಿಗೆ ಸೇರಿದ್ದು 2012ರಲ್ಲಿ, ಆಕ್ಲೆಂಡಿನಲ್ಲಿ. ಸುಲ್ತಾನ್ ಶಾಹಿಯ ಕೆಲಸಕ್ಕೂ ಅದಕ್ಕೂ ನಡುವೆ ಸುಮಾರು ಇಪ್ಪತ್ತು ವರ್ಷ. ಗಲ್ಲಿ ಮೊದಲು ನಡೆಯಿತು, ಬರಹ ಆಮೇಲೆ ಬಂತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ 2019ರ ಸೆಪ್ಟೆಂಬರಿನಲ್ಲಿ ಜಲಿಯನ್‌ವಾಲಾ ಬಾಗಿನ ನೆಲದ ಮೇಲೆ ಉದ್ದಂಡ ಬಿದ್ದು ಕ್ಷಮೆ ಕೇಳಿದ್ದನ್ನು ನಮ್ಮ ಪತ್ರಿಕೆಗಳೂ ಪ್ರಕಟಿಸಿದವು; ಆ ಬಾಗುವಿಕೆಗೆ ನೂರು ವರ್ಷ ಹಿಡಿದಿತ್ತು.

ಇನ್ನು ಸಭೆಯ ಒಳಗಿನ ಪ್ರಶ್ನೆ, ಜಾತಿಯದು. ಇದಕ್ಕೆ ಮಾತು ಸಿಕ್ಕಿದ್ದು ಬೆಂಗಳೂರಿನಲ್ಲಿ. ಪಿ.ಡಿ. ದೇವನಂದನ್, ಎಂ.ಎಂ. ಥಾಮಸ್ 1957ರಲ್ಲಿ ಕಟ್ಟಿದ ಧರ್ಮ ಮತ್ತು ಸಮಾಜ ಅಧ್ಯಯನದ ಸಂಸ್ಥೆ ಸಭೆಯನ್ನು ದೇಶ ಕಟ್ಟುವ ಕೆಲಸದ ಕಡೆಗೆ ತಿರುಗಿಸಿತು. 1981ರಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಇನ್ನೂ ಮುಂದೆ ಹೋದರು. ಭಾರತದ ಕ್ರೈಸ್ತ ಚಿಂತನೆಯೆಲ್ಲ ಮೇಲ್ಜಾತಿಯ ವೇದಾಂತದೊಡನೆ ಮಾತಾಡುತ್ತ ಕಾಲ ಕಳೆಯಿತು, ಸಭೆಯಲ್ಲಿ ತುಂಬಿರುವ ದಲಿತರ ನೋವು ಅದರ ಕಿವಿಗೆ ಬೀಳಲೇ ಇಲ್ಲ ಎಂದು ಅವರು ವಾದಿಸಿದರು. ದಲಿತ ದೇವತಾಶಾಸ್ತ್ರ ಹುಟ್ಟಿದ್ದು ಹೀಗೆ. 1985ರ ಜುಲೈಯಲ್ಲಿ ಕಾರಂಚೇಡು, 1991ರ ಆಗಸ್ಟಿನಲ್ಲಿ ಚುಂಡೂರು: ಆಂಧ್ರದಲ್ಲಿ ನಡೆದ ದಲಿತರ ಈ ಎರಡು ಹತ್ಯಾಕಾಂಡಗಳು ಆ ಮಾತನ್ನು ತರಗತಿಯಿಂದ ಹೊರಗೆ ಎಳೆದು ತಂದವು. ಚುಂಡೂರಿನ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ 2007ರಲ್ಲಿ 21 ಮಂದಿಗೆ ಜೀವಾವಧಿ ವಿಧಿಸಿತು. 2014ರಲ್ಲಿ ಹೈಕೋರ್ಟು ಎಲ್ಲರನ್ನೂ ಬಿಟ್ಟಿತು. ಹಿಂದೂ-ಮುಸ್ಲಿಂ ಗಲ್ಲಿಯಲ್ಲಿ ಸ್ನೇಹ ಬೆಸೆಯುವುದನ್ನು ಕಲಿತ ಸಭೆಗೆ, ಕೊಂದವನಿಗೂ ಸತ್ತವನಿಗೂ ನಡುವೆ ಬರೀ ಸ್ನೇಹದ ಮಾತಾಡಿದರೆ ಅದು ಅನ್ಯಾಯವಾಗುತ್ತದೆ ಎಂಬುದು ಇಲ್ಲಿ ಎದುರಾಯಿತು. ಸಭೆಯೊಳಗೂ ಜಾತಿ ಹೋಗಿಲ್ಲ. ಮದುವೆ ಸಂಬಂಧ ನೋಡುವಾಗ ಕಾಣುತ್ತದೆ, ಡಯಾಸಿಸ್ ಚುನಾವಣೆ ಬಂದಾಗ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಜಾತಿಯ ಈ ಗಂಟು ಕಾನೂನಿನಲ್ಲೂ ಇದೆ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂಗಳಲ್ಲದವರು ಪರಿಶಿಷ್ಟ ಜಾತಿಯವರೆನಿಸಿಕೊಳ್ಳುವಂತಿರಲಿಲ್ಲ. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಗೆ ಬಂದರು. ಕ್ರೈಸ್ತರೂ ಮುಸ್ಲಿಮರೂ ಹೊರಗೇ ಇದ್ದಾರೆ. ದಲಿತ ಮೂಲದ ಕ್ರೈಸ್ತರು ತೆಲಂಗಾಣದಲ್ಲಿ ಬಿ.ಸಿ. ‘ಸಿ’ ಗುಂಪಿನವರು, ಕರ್ನಾಟಕದಲ್ಲಿ ಪ್ರವರ್ಗ-1. ಅದರ ಫಲ ಮನೆಮನೆಯಲ್ಲಿದೆ. ಮೀಸಲಾತಿ ತಪ್ಪಬಾರದೆಂದು, ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ಮಗುವಿಗೆ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಭಾನುವಾರ ಬೆಳಿಗ್ಗೆ ಕರೆಯುವ ಹೆಸರಿಗೆ ಸೋಮವಾರ ತಹಶೀಲ್ದಾರ್ ಕಚೇರಿಯಲ್ಲಿ ಯಾರೂ ಓಗೊಡುವುದಿಲ್ಲ. ಅಜರಯ್ಯನವರ ಕೇರಿಗಳ ಮರಿಮಕ್ಕಳು ಹೀಗೆ ಎರಡು ಹೆಸರು ಹೊತ್ತು ಬದುಕುತ್ತಿದ್ದಾರೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗಕ್ಕೆ ಈ ವಿಷಯವನ್ನು ಒಪ್ಪಿಸಿತು. ಆ ಮಕ್ಕಳ ಅಜ್ಜಂದಿರು 1950ರಲ್ಲೇ ಕೇಳಿದ ಪ್ರಶ್ನೆ ಅದು; ತೆಲುಗಿನವರು ಹೇಳುವ ಅರ್ಥದ ಸಮಾಧಾನಕ್ಕೆ ಅವರ ಮನೆಗಳು ಅಂದಿನಿಂದಲೂ ಕಾದಿವೆ.