ಸಂಗಾತಿಯ ಕೊಡುಗೆ

ಚನ್ನರಾಯಪಟ್ಟಣದ ಹೊಲಗಳ ಮೇಲೆ ಇರುಳು ಕವಿದಾಗ ಕಾಣುವ ನಕ್ಷತ್ರಗಳಲ್ಲಿ ಅನೇಕವು ಒಂಟಿಯಲ್ಲ. ಒಂದನ್ನೊಂದು ಸುತ್ತುವ ಜೋಡಿಗಳು. ಅವುಗಳ ಬಾಳು ಪರಸ್ಪರ ಹೇಗೆ ಬೆಸೆದುಕೊಂಡಿದೆ ಎಂಬುದು ತಿಳಿದುಬಂದದ್ದು ಶತಮಾನಕ್ಕೂ ಮಿಕ್ಕ ಹುಡುಕಾಟದ ತರುವಾಯ.

ರೋಮಿನಲ್ಲಿದ್ದ ಯೇಸುಸಭೆಯ ಗುರು ಆಂಜೆಲೊ ಸೆಕ್ಕಿಯವರು ನಕ್ಷತ್ರಗಳ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಅದರಲ್ಲಿನ ಗೆರೆಗಳನ್ನು ಅಭ್ಯಸಿಸಿದರು. ಪ್ರತಿಯೊಂದು ಮೂಲಧಾತುವಿಗೂ ತನ್ನದೇ ಆದ ಗೆರೆಗಳುಂಟು. 1868ರಲ್ಲಿ ಅವರು ಇಂಗಾಲದ ಗುರುತುಳ್ಳ ಕೆಂಪು ನಕ್ಷತ್ರಗಳನ್ನು ಪ್ರತ್ಯೇಕ ವರ್ಗವಾಗಿಸಿದರು. 1951ರಲ್ಲಿ ಬಿಡಲ್‌ಮನ್ ಮತ್ತು ಕೀನನ್ ಎಂಬ ವಿಜ್ಞಾನಿಗಳು ಬೇರಿಯಂ ಧಾತು ಅಧಿಕವಾಗಿರುವ ದೈತ್ಯ ನಕ್ಷತ್ರಗಳನ್ನು ಗುರುತಿಸಿದರು.

ಇಲ್ಲಿಯೇ ಒಗಟು ಹುಟ್ಟಿತು. ಬೇರಿಯಂನಂತಹ ಭಾರಧಾತುಗಳು ನಕ್ಷತ್ರದ ಮುಪ್ಪಿನ ಕೊನೆಯ ಘಟ್ಟದಲ್ಲಿ, ಅದರ ಒಡಲಿನೊಳಗೆ ನಿಧಾನವಾಗಿ ಸಿದ್ಧವಾಗುತ್ತವೆ. ಕೆಲವೇ ಲಕ್ಷ ವರ್ಷಗಳಲ್ಲಿ ಕ್ಷಯಿಸುವ ಟೆಕ್ನೀಷಿಯಂ ಅನ್ನು ಪಾಲ್ ಮೆರಿಲ್ ಅವರು 1952ರಲ್ಲಿ ಅಂತಹ ಮುದಿ ನಕ್ಷತ್ರಗಳಲ್ಲಿ ಕಂಡಾಗ, ಧಾತುಗಳು ಅಲ್ಲಿಯೇ ಹುಟ್ಟುತ್ತವೆಂಬುದು ಖಚಿತವಾಯಿತು. ಆದರೆ ಬೇರಿಯಂ ನಕ್ಷತ್ರಗಳು ಆ ಘಟ್ಟವನ್ನು ಇನ್ನೂ ಮುಟ್ಟಿರಲಿಲ್ಲ. ಹಾಗಾದರೆ ಆ ಸಂಪತ್ತು ಬಂದದ್ದೆಲ್ಲಿಂದ?

1980ರಲ್ಲಿ ಕೆನಡಾದ ರಾಬರ್ಟ್ ಮೆಕ್ಲೂರ್ ಮತ್ತು ಸಂಗಡಿಗರು ಈ ನಕ್ಷತ್ರಗಳ ಚಲನೆಯನ್ನು ಅಳೆದಾಗ, ಅವು ಕಾಣದ ಸಂಗಾತಿಯೊಂದರ ಸೆಳೆತಕ್ಕೆ ಹಿಂದೆ ಮುಂದೆ ಸರಿಯುತ್ತಿರುವುದು ತಿಳಿಯಿತು. ಆ ಸಂಗಾತಿ ಮೊದಲೇ ಮುಪ್ಪಾಗಿ, ತಾನು ಬೇಯಿಸಿದ ಇಂಗಾಲ ಮತ್ತು ಬೇರಿಯಂಗಳನ್ನು ಗಾಳಿಯಂತೆ ಹೊರಚೆಲ್ಲಿತ್ತು. ಅದರಲ್ಲೊಂದು ಪಾಲು ಜೊತೆಗಾರನ ಮೈಮೇಲೆ ಬಿದ್ದಿತು. ಕೊಟ್ಟ ನಕ್ಷತ್ರ ಇಂದು ಮಂಕಾದ ಶ್ವೇತಕುಬ್ಜ. ಪಡೆದದ್ದು ಮಾತ್ರ ಬೆಳಗುತ್ತಿದೆ.

ಈ ಇತಿಹಾಸದ ಒಂದು ಅಧ್ಯಾಯ ನಮ್ಮ ನೆರೆಯಲ್ಲಿಯೇ ಬರೆಯಲ್ಪಡುತ್ತಿದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ಬಳಿಯ ತಮ್ಮ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ, 2001ರಿಂದ ನಡೆಸುತ್ತಿದ್ದಾರೆ. ಆ ಸಂಸ್ಥೆಯ ಅರುಣಾ ಗೋಸ್ವಾಮಿಯವರು ಇದೇ ದೂರದರ್ಶಕದಿಂದ ಇಂತಹ ಇಂಗಾಲಭರಿತ ಜೋಡಿ ನಕ್ಷತ್ರಗಳನ್ನು ಹುಡುಕಿ, ಅವುಗಳ ಧಾತುಗಳನ್ನು ಅಳೆದಿದ್ದಾರೆ.

ನಕ್ಷತ್ರದ ಹೊಳಪನ್ನಷ್ಟೇ ನೋಡಿದವರಿಗೆ ಅದರ ಸಿರಿ ಸ್ವಂತದ್ದೆಂದೇ ತೋರುತ್ತದೆ. ಗೆರೆಗಳನ್ನು ತಾಳ್ಮೆಯಿಂದ ಓದಿದವರಿಗೆ ಮಾತ್ರ ಕೊಟ್ಟು ಮರೆಯಾದವರ ಸುಳಿವು ಸಿಕ್ಕಿತು. ನಮ್ಮ ಮನೆಗಳ ಸಿರಿಯನ್ನೂ ಒಮ್ಮೆ ಹಾಗೆ ಓದಿ ನೋಡಬಹುದಲ್ಲವೇ?