ಮೂವತ್ತರ ಗಡಿ: ಪಿಷ್ಟ ಬೆರೆತ ಪಾಲಿಥೀನ್ ಹಾಳೆ ಚೂರಾಗುವುದೂ ಜೀರ್ಣವಾಗುವುದೂ

ಪಾಲಿಥೀನ್‌ಗೆ ಎಷ್ಟು ಪಿಷ್ಟ ಬೆರೆಸಿದರೆ ಅದು ‘ಕೊಳೆಯುವ ಪ್ಲಾಸ್ಟಿಕ್’ ಎನಿಸಿಕೊಳ್ಳುತ್ತದೆ? ಈ ಪ್ರಶ್ನೆಗೆ ‘ನೂರಕ್ಕೆ ಮೂವತ್ತು’ ಎಂಬ ಉತ್ತರ ವಿಚಾರಸಂಕಿರಣಗಳಲ್ಲಿ ಸಲೀಸಾಗಿ ಕೇಳಿಬರುತ್ತದೆ. ಆ ಸಂಖ್ಯೆಗೆ ಆಧಾರವಿಲ್ಲವೆಂದಲ್ಲ. ಆದರೆ ಅದು ಯಾವ ಪ್ರಶ್ನೆಗೆ ಹುಟ್ಟಿದ ಉತ್ತರವೋ ಆ ಪ್ರಶ್ನೆಯಿಂದ ಕಳಚಿಕೊಂಡು ಬೇರೊಂದಕ್ಕೆ ಅಂಟಿಕೊಂಡಿದೆ ಎಂಬುದು ಈ ಲೇಖನದ ವಾದ.

ಹಿನ್ನೆಲೆಯಲ್ಲಿ ಹೆಚ್ಚು ತಕರಾರಿಲ್ಲ. ಬಳಸಿ ಎಸೆಯುವ ಸರಕುಗಳಿಗೆ ಪಿಷ್ಟವನ್ನು ಒಗ್ಗಿಸುವ ಕೆಲಸ 1970ರ ದಶಕದಲ್ಲಿ ಮೂರು ದಾರಿ ಹಿಡಿಯಿತು. ಬ್ರಿಟನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಗ್ರಿಫಿನ್ ಪಿಷ್ಟದ ಕಣಗಳನ್ನು ಹಾಗೇ ಪಾಲಿಥೀನ್‌ಗೆ ತುಂಬಿದರು. ಅಮೆರಿಕದ ಪಿಯೋರಿಯಾದಲ್ಲಿರುವ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಓಟಿ ಪಿಷ್ಟವನ್ನು ಬೇಯಿಸಿ, ಎಥಿಲೀನ್ ಮತ್ತು ಅಕ್ರಿಲಿಕ್ ಆಮ್ಲಗಳ ಸಹಪಾಲಿಮರ್ ಜೊತೆ ಕಲಸಿ ಹಾಳೆ ತೆಗೆದರು. ಅದೇ ಪ್ರಯೋಗಾಲಯದ ಡೋನ್, ಫಾಂಟಾ, ಬ್ಯಾಗ್ಲಿ, ವೀವರ್ ಪಿಷ್ಟದ ಸರಪಳಿಗೆ ಅಕ್ರಿಲೋನೈಟ್ರೈಲ್ ಕಸಿಕಟ್ಟಿ, ಕ್ಷಾರದಲ್ಲಿ ಕಾಯಿಸಿ, ‘ಸೂಪರ್ ಸ್ಲರ್ಪರ್’ ಎಂಬ ಹೀರುಕ ಪಡೆದರು. ಇದರ ಪೇಟೆಂಟುಗಳು 1976ರವು. ಪಿಷ್ಟವನ್ನೇ ಗ್ಲಿಸರಾಲ್‌ನಂಥ ಮೃದುಕಾರಕದೊಂದಿಗೆ ಕರಗಿಸಿ ಪ್ಲಾಸ್ಟಿಕ್ಕಿನಂತೆ ಎರಕ ಹೊಯ್ಯುವುದು, ಕೊಳೆಯಬಲ್ಲ ಪಾಲಿಯೆಸ್ಟರ್ ಜೊತೆ ಬೆರೆಸುವುದು ಆಮೇಲಿನ ಬೆಳವಣಿಗೆ. ಇಟಲಿಯ ನೋವಾಮಾಂಟ್ ಕಂಪನಿಯ ‘ಮಾಟರ್-ಬಿ’ ಅದರ ಪರಿಚಿತ ಫಲ. ಮೈಸೂರಿನ ಸಿಎಫ್‌ಟಿಆರ್‌ಐನ ತಾರಾನಾಥನ್ 2003ರಲ್ಲಿ ಬರೆದ ಸಮೀಕ್ಷೆ ಈ ಕ್ಷೇತ್ರದ, ವಿಶೇಷವಾಗಿ ಆಹಾರದ ಹೊದಿಕೆಗಳ, ಒಳ್ಳೆಯ ನಕ್ಷೆ.

ಪಿಷ್ಟಕ್ಕೂ ಪಾಲಿಥೀನ್‌ಗೂ ಆಗಿಬರುವುದಿಲ್ಲ ಎಂಬುದರಲ್ಲಿಯೂ ಒಮ್ಮತವಿದೆ. ಬೇಸಿಗೆಯಲ್ಲಿ ಸಂಡಿಗೆ ಇಟ್ಟವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಜ್ಜಿಯ ಕಾಲದ ಪಂಚೆಯ ಮೇಲೆ ಹಾಕಿದ ಸಂಡಿಗೆಯನ್ನು ಬಿಡಿಸಲು ಬಟ್ಟೆಯನ್ನು ಮಗುಚಿ, ಹಿಂಬದಿಗೆ ನೀರು ಚಿಮುಕಿಸಿ, ನೆನೆಸಿ ಎಬ್ಬಿಸಬೇಕಿತ್ತು. ಪ್ಲಾಸ್ಟಿಕ್ ಹಾಳೆ ಬಂದ ಮೇಲೆ ಒಣಗಿದ ಸಂಡಿಗೆ ತಾನೇ ಅಂಚೆತ್ತಿ ಚಟಚಟನೆ ಬಿಟ್ಟುಕೊಳ್ಳುತ್ತದೆ. ಹತ್ತಿಯ ಸೆಲ್ಯುಲೋಸ್‌ಗೂ ಪಿಷ್ಟಕ್ಕೂ ಹೈಡ್ರೋಜನ್ ಬಂಧದ ನೆಂಟಸ್ತಿಕೆ ಇದೆ. ಪಾಲಿಥೀನ್ ನೀರಿಗೂ ನೀರಿನ ನೆಂಟರಿಗೂ ದೂರ. ಹಪ್ಪಳದ ಡಬ್ಬಿಯಲ್ಲಿ ಚೈತ್ರಕ್ಕೆ ಪುಡಿಯಾಗುವ, ಆಷಾಢಕ್ಕೆ ಮೆತ್ತಗಾಗುವ ಗುಣವೂ ಇದೇ ಪಿಷ್ಟದ್ದು. ಗ್ರಿಫಿನ್ ಕಣಗಳ ಮೈಗೆ ಸಿಲಿಕಾನ್ ಸಂಯುಕ್ತ ಸವರಿದ್ದು ಈ ವೈರವನ್ನು ತುಸು ತಗ್ಗಿಸಲೆಂದೇ.

ಇನ್ನು ವಿವಾದದ ಬಿಂದು. ಸೂಕ್ಷ್ಮಜೀವಿಗಳು ಪಿಷ್ಟದ ಕಣಗಳನ್ನು ತಿಂದು ಖಾಲಿ ಮಾಡಿದರೆ ಹಾಳೆ ಜಾಳುಜಾಳಾಗುತ್ತದೆ, ಮೈ ವಿಸ್ತಾರ ಹೆಚ್ಚುತ್ತದೆ, ಜೊತೆಗೆ ಸೇರಿಸಿದ ಕೊಬ್ಬಿನ ಅಂಶ ಗಾಳಿಯಲ್ಲಿ ಉತ್ಕರ್ಷಣಗೊಂಡು ಪಾಲಿಥೀನ್ ಸರಪಳಿಯನ್ನೂ ತುಂಡರಿಸುತ್ತದೆ ಎಂಬುದು ಗ್ರಿಫಿನ್ ಅವರ ಎಣಿಕೆ. ಇದನ್ನು ನಂಬಿ 1980ರ ದಶಕದ ಕೊನೆಗೆ ಅಮೆರಿಕದಲ್ಲಿ ಸುಮಾರು 6 ಪ್ರತಿಶತ ಪಿಷ್ಟದ ಚೀಲಗಳು ಅಂಗಡಿಗೆ ಬಂದವು. 1991ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ರಿಚರ್ಡ್ ವೂಲ್ ಮತ್ತು ಸಂಗಡಿಗರು ಇದಕ್ಕೆ ಪರ್ಕೊಲೇಷನ್ ಸಿದ್ಧಾಂತದ ಒರೆಗಲ್ಲು ಹಿಡಿದರು. ಕಣಗಳು ಒಂದಕ್ಕೊಂದು ತಾಗಿ ಈ ಮೈಯಿಂದ ಆ ಮೈವರೆಗೆ ಸಾಲುಗಟ್ಟಿದರೆ ಮಾತ್ರ ಒಳಗಿನ ಪಿಷ್ಟ ಸೂಕ್ಷ್ಮಜೀವಿಗೆ ಎಟಕುತ್ತದೆ. ಇಲ್ಲವಾದರೆ ಒಂಟಿ ಕಣ ಪಾಲಿಥೀನ್ ಗೋಡೆಯೊಳಗೆ ಕ್ಷೇಮ. ಸರಳ ಘನಜಾಲದಲ್ಲಿ ಇಂಥ ಸಾಲು ಹುಟ್ಟುವ ಹೊಸ್ತಿಲು 0.3116. ಮೂವತ್ತರ ಮೂಲ ಇದೇ.

ಮೊದಲ ಗೊಂದಲ ಅಳತೆಯದು. ಹೊಸ್ತಿಲಿನ ಸಂಖ್ಯೆ ಗಾತ್ರದ್ದು; ಚೀಲದ ಮೇಲೆ ಬರೆಯುವುದು ತೂಕದ್ದು. ಒಣ ಪಿಷ್ಟದ ಸಾಂದ್ರತೆ ಸುಮಾರು 1.5, ಕಡಿಮೆ ಸಾಂದ್ರತೆಯ ಪಾಲಿಥೀನ್‌ನದು 0.92. ಹೀಗಾಗಿ ತೂಕದಲ್ಲಿ 6 ಪ್ರತಿಶತ ಎಂದರೆ ಗಾತ್ರದಲ್ಲಿ 4ಕ್ಕೂ ಕಡಿಮೆ; ತೂಕದಲ್ಲಿ 30 ಎಂದರೆ ಗಾತ್ರದಲ್ಲಿ ಸುಮಾರು 21. ಹೊಸ್ತಿಲು ಮುಟ್ಟಲು ತೂಕದಲ್ಲಿ 42 ಪ್ರತಿಶತಕ್ಕಿಂತ ತುಸು ಹೆಚ್ಚೇ ಬೇಕು. ‘ಮೂವತ್ತು’ ಎನ್ನುವವರು ಯಾವ ಮೂವತ್ತು ಎಂದು ಹೇಳದಿರುವುದು ಸಣ್ಣ ತಪ್ಪಲ್ಲ.

ಎರಡನೆಯದು ದಪ್ಪದ ಪ್ರಶ್ನೆ. ಇಲ್ಲಿ ನನ್ನ ತಕರಾರು ವೂಲ್ ಅವರ ಗಣಿತದೊಂದಿಗಲ್ಲ, ಆ ಸಂಖ್ಯೆಯನ್ನು ಎಲ್ಲ ಹಾಳೆಗಳಿಗೂ ಒಂದೇ ಗಡಿಯಾಗಿ ಎಳೆಯುವವರೊಂದಿಗೆ. 0.3116 ಎಂಬುದು ಎಲ್ಲ ದಿಕ್ಕಿಗೂ ಮುಗಿಯದ ಜಾಲದ ಮಾತು. ಮೆಕ್ಕೆಜೋಳದ ಪಿಷ್ಟದ ಕಣ ಸರಾಸರಿ 15 ಮೈಕ್ರಾನ್ ಅಡ್ಡಗಲದ್ದು. 50 ಮೈಕ್ರಾನ್ ಹಾಳೆಯಲ್ಲಿ ಇಂಥವು ಮೂರು, ಹೆಚ್ಚೆಂದರೆ ನಾಲ್ಕು ಮಾತ್ರ ಒಂದರ ಮೇಲೊಂದು ನಿಂತಾವು. ಎರಡೂ ಮೈಗಳಿಂದ ಒಂದೊಂದು ಕಣದಷ್ಟು ಆಳ ಬಿಟ್ಟು ಎಣಿಸಿದರೆ ಆ ಅಂಚುಪದರಗಳೇ ಹಾಳೆಯ 60 ಪ್ರತಿಶತವಾಗುತ್ತವೆ. 30 ಮೈಕ್ರಾನ್ ಹಾಳೆಯಾದರೆ ಅಂಚುಪದರವಲ್ಲದ ಭಾಗವೇ ಉಳಿಯುವುದಿಲ್ಲ. ಭಾರತದಲ್ಲಿ 2022ರ ಡಿಸೆಂಬರ್ 31ರಿಂದ ಸಾಮಾನ್ಯ ಕೈಚೀಲಕ್ಕೆ ನಿಗದಿಯಾದ 120 ಮೈಕ್ರಾನ್ ದಪ್ಪದಲ್ಲಿ ಇದೇ ಪ್ರಮಾಣ 25ಕ್ಕೆ ಇಳಿಯುತ್ತದೆ. ಎಂದ ಮೇಲೆ ತೆಳುಹಾಳೆಯಲ್ಲಿ ಹೊಸ್ತಿಲಿಗೆ ಬಹಳ ಕೆಳಗಿದ್ದರೂ ಗಣನೀಯ ಪಿಷ್ಟ ಎಟಕಬಹುದು. ಅಲ್ಲಿ ಗಡಿರೇಖೆಗಿಂತ ಇಳಿಜಾರು ಎಂಬ ಮಾತೇ ಹೊಂದುತ್ತದೆ.

ಈ ಮಾತನ್ನು ನಾನು ಷರತ್ತುಗಳೊಡನೆಯೇ ಮುಂದಿಡುತ್ತಿದ್ದೇನೆ. ಕಣಗಳು ಒಂದೇ ಅಳತೆಯ ಗೋಲಿಗಳಲ್ಲ. ಅಕ್ಕಿಯ ಕಣ ಮೆಕ್ಕೆಜೋಳದ್ದಕ್ಕಿಂತ ಎಷ್ಟೋ ಚಿಕ್ಕದು. ಆಲೂಗಡ್ಡೆಯದು ಕೆಲವೊಮ್ಮೆ ಹಾಳೆಯ ದಪ್ಪವನ್ನೇ ಮೀರುತ್ತದೆ. ಅವು ಸಮನಾಗಿ ಹರಡಿರುತ್ತವೆಂಬ ಭರವಸೆಯೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೈಯ ಹತ್ತಿರವಿರುವುದು ಬೇರೆ, ಮೈಗೆ ತೆರೆದಿರುವುದು ಬೇರೆ. ಕಾದ ಪಾಲಿಥೀನ್ ಕಣದ ಸುತ್ತ ಹರಿದು ತೆಳುವಾದ ಸಿಪ್ಪೆ ಕಟ್ಟಿದರೆ ಅಮೈಲೇಸ್ ಕಿಣ್ವ ಅದರ ಹೊರಗೇ ನಿಲ್ಲಬೇಕು. ಶಾಲೆಯಲ್ಲಿ ಎಲ್ಲರೂ ಮಾಡಿದ ಅಯೋಡಿನ್ ಪರೀಕ್ಷೆ ಇಲ್ಲಿ ಒಂದು ಸುಳಿವು ಕೊಟ್ಟೀತು. ಹನಿ ಬಿದ್ದಾಗ ಕತ್ತರಿಸಿದ ಅಂಚು ನೀಲಿಯಾಗಿ ಹಾಳೆಯ ಮೈ ಹಾಗೆಯೇ ಉಳಿದರೆ, ಪಿಷ್ಟ ಇದೆ, ಆದರೆ ಮುಚ್ಚಿಕೊಂಡಿದೆ ಎಂದು ಓದಬಹುದು. ಇದೂ ಸಂಪೂರ್ಣ ನಂಬಲರ್ಹವಲ್ಲ. ಅಯೋಡಿನ್ ಪಾಲಿಥೀನ್‌ಗೆ ಮೆಲ್ಲನೆ ಇಳಿದು ಕಂದು ಛಾಯೆ ಬಿಡುತ್ತದೆ, ಬಣ್ಣದಿಂದ ಪ್ರಮಾಣ ತಿಳಿಯುವುದೂ ಇಲ್ಲ.

ಆದರೆ ಗಡಿ ಎಲ್ಲೇ ಇರಲಿ, ಅದನ್ನು ದಾಟಿದಾಗ ಸಿಗುವುದೇನು? ಐಎಸ್‌ಒ 17088 ಮಾನದಂಡ, ಮತ್ತು ಅದೇ ಸಂಖ್ಯೆಯ ಭಾರತೀಯ ಮಾನಕ, ಎರಡು ಪರೀಕ್ಷೆಗಳನ್ನು ಬೇರೆಬೇರೆಯಾಗಿ ಇಟ್ಟಿವೆ. ಒಂದು ಚೂರಾಗುವಿಕೆ: 84 ದಿನಗಳಲ್ಲಿ 2 ಮಿಲಿಮೀಟರ್ ಜರಡಿಯ ಮೇಲೆ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಉಳಿಯಬಾರದು. ಇನ್ನೊಂದು ಜೀರ್ಣವಾಗುವಿಕೆ: 180 ದಿನಗಳಲ್ಲಿ ಶೇ. 90ರಷ್ಟು ಇಂಗಾಲ ಇಂಗಾಲದ ಡೈಆಕ್ಸೈಡ್ ಆಗಬೇಕು. ಪಿಷ್ಟದ ತೂಕದಲ್ಲಿ ಇಂಗಾಲ ಸುಮಾರು 44 ಪ್ರತಿಶತ, ಪಾಲಿಥೀನ್‌ನಲ್ಲಿ 86ರ ಹತ್ತಿರ. 6 ಪ್ರತಿಶತದ ಚೀಲದಲ್ಲಿ ಪಿಷ್ಟ ಒಂದು ಕಣವೂ ಬಿಡದೆ ಜೀರ್ಣವಾದರೂ ಹೊರಬರುವುದು ಒಟ್ಟು ಇಂಗಾಲದ 3 ಪ್ರತಿಶತ ಚಿಲ್ಲರೆ. ಹೊಸ್ತಿಲು ಮುಟ್ಟಿದ 42 ಪ್ರತಿಶತದ ಹಾಳೆಯಲ್ಲಿಯೂ 28 ದಾಟುವುದಿಲ್ಲ. ಬೇಕಾದದ್ದು 90. ಪರ್ಕೊಲೇಷನ್ ಹೊಸ್ತಿಲು ಜರಡಿಯ ಪ್ರಶ್ನೆಗೆ ಉತ್ತರವಾಗಬಹುದು. ಇಂಗಾಲದ ಪ್ರಶ್ನೆಗೆ ಅದರ ಬಳಿ ಉತ್ತರವಿಲ್ಲ. ಈ ಎರಡನ್ನೂ ‘ಕೊಳೆಯುವಿಕೆ’ ಎಂಬ ಒಂದೇ ಪದಕ್ಕೆ ಕಟ್ಟಿದ್ದರಿಂದ ಬಂದ ತೊಡಕು ಇದು. ನಮ್ಮಲ್ಲಿ ಗೊಬ್ಬರವಾಗಬಲ್ಲ ಪ್ಲಾಸ್ಟಿಕ್ಕಿನ ಚೀಲಕ್ಕೆ ದಪ್ಪದ ನಿಯಮದಿಂದ ವಿನಾಯಿತಿ ಇರುವಾಗ ಪದದ ಸಡಿಲಿಕೆ ಮಾರುಕಟ್ಟೆಯ ಸಂಗತಿಯೂ ಹೌದು.

ಹೀರುಕಗಳಿಗೂ ಇದೇ ಲೆಕ್ಕ ಸಲ್ಲುತ್ತದೆ. ಅಲ್ಲಿ ವಿವಾದಕ್ಕೆ ಜಾಗ ಕಡಿಮೆ. ಸೂಪರ್ ಸ್ಲರ್ಪರ್ ಭಟ್ಟಿ ಇಳಿಸಿದ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ, ಉಪ್ಪುನೀರನ್ನು ಹತ್ತಾರು ಪಟ್ಟು ಮಾತ್ರ. ಈಗಿನ ಡೈಪರಿನ ಉಬ್ಬಿದ ಜೆಲ್ ಮೇಲೆ ಒಂದು ಚಮಚ ಅಡುಗೆ ಉಪ್ಪು ಉದುರಿಸಿ ಕಲಕಿದರೆ ಕಣ್ಣೆದುರೇ ನೀರೊಡೆಯುವುದೂ ಇದೇ ಕಾರಣಕ್ಕೆ: ನೀರನ್ನು ಹಿಡಿಯುವುದು ಪಿಷ್ಟವಲ್ಲ, ಸರಪಳಿಯ ಮೇಲಿನ ಕಾರ್ಬಾಕ್ಸಿಲೇಟ್ ವಿದ್ಯುದಂಶಗಳು. ಉಪ್ಪಿನ ಅಯಾನುಗಳು ಬಂದು ಸೇರಿದರೆ ಅವುಗಳ ಪರಸ್ಪರ ವಿಕರ್ಷಣೆ ತಗ್ಗುತ್ತದೆ, ಒಳಹೊರಗಿನ ಆಸ್ಮೋಟಿಕ್ ಒತ್ತಡದ ವ್ಯತ್ಯಾಸವೂ ಕುಸಿಯುತ್ತದೆ. ಕಸಿಯಲ್ಲಿ ಪಿಷ್ಟ ಬೇರುಗಿಡವಷ್ಟೇ. ಫಲ ಕೊಡುವ ಕೊಂಬೆ ಅಕ್ರಿಲೇಟ್‌ನದು, ಸೂಕ್ಷ್ಮಜೀವಿಗೆ ಸುಲಭವಾಗಿ ದಕ್ಕದ್ದೂ ಅದೇ. ಜಪಾನಿನ ಸಾನ್ಯೋ ಕೆಮಿಕಲ್ 1978ರಲ್ಲಿ ಪಿಷ್ಟದ ಕಸಿಯನ್ನು ಸ್ಯಾನಿಟರಿ ನ್ಯಾಪ್‌ಕಿನ್‌ಗಾಗಿ ಮಾರುಕಟ್ಟೆಗೆ ತಂದಿತಾದರೂ, ಆಮೇಲೆ ಉದ್ಯಮ ಬೇರುಗಿಡವನ್ನೇ ಬಿಟ್ಟು ಬರೀ ಪಾಲಿಅಕ್ರಿಲೇಟ್‌ಗೆ ಹೊರಳಿದ್ದು ಸಹಜವಾಗಿತ್ತು.

ಗ್ರಿಫಿನ್ ಅವರ ಎರಡನೆಯ ಊಹೆಯನ್ನು, ಅಂದರೆ ಪಿಷ್ಟ ಖಾಲಿಯಾದ ಜಾಳು ಹಾಳೆಯಲ್ಲಿ ಉತ್ಕರ್ಷಣ ಚುರುಕಾಗಿ ಪಾಲಿಥೀನ್ ಸರಪಳಿ ಸೂಕ್ಷ್ಮಜೀವಿಗೆ ದಕ್ಕುವಷ್ಟು ಮೋಟಾಗುತ್ತದೆಯೇ ಎಂಬುದನ್ನು, ಮೇಲಿನ ಲೆಕ್ಕ ಮುಟ್ಟಿಲ್ಲ. ಮುಟ್ಟುವಂತೆಯೂ ಇಲ್ಲ, ಅದಕ್ಕೆ ಗಾಳಿಯಾಡದ ಕಸದ ಗುಂಡಿಗೂ ಬಿಸಿಲಲ್ಲಿ ಬಿದ್ದ ಹೊಲದ ಬದುವಿಗೂ ಬೇರೆಬೇರೆ ಉತ್ತರ ಬರಬಹುದು. ಕಣದ ಮೇಲಿನ ಸಿಪ್ಪೆಯ ದಪ್ಪವನ್ನು ಹಾಳೆ ಊದುವ ಬಿಸಿ ಮತ್ತು ಎಳೆತಕ್ಕೆ ತಕ್ಕಂತೆ ಅಳೆಯದೆ ನನ್ನ ಇಳಿಜಾರಿನ ಮಾತೂ ಊಹೆಯೇ. ಕತ್ತರಿಸಿದ ಅಂಚನ್ನು ಸೂಕ್ಷ್ಮದರ್ಶಕದಡಿ ಇಟ್ಟು ಕಣಗಳನ್ನು ಎಣಿಸುವ ಕೆಲಸ ಅಲ್ಲಿಂದ ಶುರುವಾಗಬೇಕು.