ಬಿಳಿಗಾರದ ಕಣಿವೆಯ ಕೆಳಗೆ

ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರಕ್ಕೆ ಸಂಸ್ಕೃತದಲ್ಲಿ ಟಂಕಣ ಎನ್ನುತ್ತಾರೆ. ಆ ಬಿಳಿಗಾರ ನೆಲದ ಮೇಲೇ ಸಿಗುವ ಜಾಗಗಳಲ್ಲೊಂದು ಆಗ್ನೇಯ ಲಡಾಖಿನ ಪುಗಾ ಕಣಿವೆ. ಸುಮಾರು 4,400 ಮೀಟರ್ ಎತ್ತರದ ಈ ಕಣಿವೆಯಲ್ಲಿ ಬಿಸಿನೀರು ಉಕ್ಕಿ, ಆರಿ, ಬಿಳಿಗಾರವನ್ನು ಬಿಟ್ಟುಹೋಗುತ್ತದೆ. ಪಕ್ಕದಲ್ಲೇ ಗಂಧಕವೂ ಉಂಟು. ಹಳಬರು ಇಲ್ಲಿಗೆ ಬರುತ್ತಿದ್ದದ್ದು ಈ ಎರಡಕ್ಕಾಗಿ. ಶಾಖ ಯಾರಿಗೂ ಬೇಕಿರಲಿಲ್ಲ.

ಬೇಕೆನಿಸಿದ್ದು 20ನೇ ಶತಮಾನದಲ್ಲಿ. ಬಿಸಿನೀರಿನ ಬುಗ್ಗೆಗಳ ಅಧ್ಯಯನಕ್ಕೆಂದು ಭಾರತ ಸರ್ಕಾರ 1966ರಲ್ಲಿ ಸಮಿತಿ ರಚಿಸಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1973ರಲ್ಲಿ ಪುಗಾದಲ್ಲಿ ಅನ್ವೇಷಣೆ ಶುರುಮಾಡಿತು.

ಬುಗ್ಗೆಗೆ ಥರ್ಮಾಮೀಟರ್ ಅದ್ದಿದರೆ ಸಾಲದೇ? ಸಾಲದು. ಅಲ್ಲಿನ ಬುಗ್ಗೆಗಳ ಗರಿಷ್ಠ ಉಷ್ಣತೆ 84 ಡಿಗ್ರಿ ಸೆಲ್ಸಿಯಸ್. ಅಷ್ಟು ಎತ್ತರದಲ್ಲಿ ನೀರು ಕುದಿಯುವುದೇ ಆ ಹತ್ತಿರ. ಒಳಗೆ ಬಿಸಿ ಎಷ್ಟೇ ಇರಲಿ, ಮೇಲೆ ಬಂದ ನೀರು ಅದಕ್ಕಿಂತ ಹೆಚ್ಚು ಹೇಳಲಾರದು.

ಆದ್ದರಿಂದ ನೆಲವನ್ನೇ ಕೇಳಬೇಕಾಯಿತು. ಎರಡು ಸಲಾಕೆ ನೆಟ್ಟು ವಿದ್ಯುತ್ ಹರಿಸಿ, ಬೇರೆ ಎರಡರ ನಡುವಿನ ವೋಲ್ಟೇಜ್ ಅಳೆಯುತ್ತಾರೆ. ಒಣ ಬಂಡೆ ವಿದ್ಯುತ್ತನ್ನು ತಡೆಯುತ್ತದೆ, ಉಪ್ಪು ಕರಗಿದ ಬಿಸಿನೀರು ಸಲೀಸಾಗಿ ಬಿಡುತ್ತದೆ. ಸಲಾಕೆಗಳ ಅಂತರ ಹೆಚ್ಚಿಸಿದಷ್ಟೂ ಆಳದ ಸುದ್ದಿ ಬರುತ್ತದೆ. ಆಮೇಲೆ ಕೊರೆದ 34 ಕೊಳವೆಬಾವಿಗಳಲ್ಲಿ ಉಷ್ಣತೆ 140 ಡಿಗ್ರಿವರೆಗೆ ಸಿಕ್ಕಿತು. ಆ ಶಾಖವನ್ನು ಪ್ರಾಯೋಗಿಕವಾಗಿ ಕೋಣೆ ಬೆಚ್ಚಗಿಡಲು, ಬಿಳಿಗಾರ ಶುದ್ಧಿಮಾಡಲು ಬಳಸಿದರು.

ಆದರೆ ಅತಿ ಆಳದ ಬಾವಿಯೂ ಇಳಿದದ್ದು ಸುಮಾರು 385 ಮೀಟರ್, ಅಂದರೆ 1,260 ಅಡಿ. ಕೋಲಾರದ ರೈತರು ನೀರಿಗಾಗಿ ಅದಕ್ಕಿಂತ ಆಳ ಕೊರೆಸಿದ್ದುಂಟು. ಈ ಶತಮಾನದ ಮೊದಲ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಮ್ಯಾಗ್ನೆಟೋಟೆಲ್ಯೂರಿಕ್ ವಿಧಾನದಿಂದ ಮತ್ತೆ ನೋಡಿದರು. ಇದರಲ್ಲಿ ನಾವು ವಿದ್ಯುತ್ ಹರಿಸಬೇಕಿಲ್ಲ. ಭೂಮಿಯ ಸಹಜ ವಿದ್ಯುತ್ಕಾಂತೀಯ ಏರಿಳಿತಗಳನ್ನು ಅಳೆದರೆ ಸಾಕು. ನಿಧಾನದ ಏರಿಳಿತ ಹೆಚ್ಚು ಆಳದಿಂದ ಮಾತಾಡುತ್ತದೆ. ಸುಮಾರು 2 ಕಿಲೋಮೀಟರ್ ಕೆಳಗೆ ವಿದ್ಯುತ್ ಸರಾಗವಾಗಿ ಹರಿಯುವ ಪದರವೊಂದು ಕಂಡಿತು.

ಪದರ ಕಂಡರೂ ಅಲ್ಲಿಗೆ ಬಾವಿ ಇಳಿದಿರಲಿಲ್ಲ. 2021ರಲ್ಲಿ ಓಎನ್‌ಜಿಸಿ, ಲಡಾಖ್ ಆಡಳಿತ ಮತ್ತು ಲೇಹ್‌ನ ಗುಡ್ಡಗಾಡು ಮಂಡಳಿ 1 ಮೆಗಾವಾಟ್ ಸ್ಥಾವರಕ್ಕೆ ಒಪ್ಪಂದ ಮಾಡಿಕೊಂಡಾಗ, ಮೊದಲ ಅನ್ವೇಷಣೆಗೆ 48 ವರ್ಷವಾಗಿತ್ತು.

ಚಳಿಗಾಲದಲ್ಲಿ ಡೀಸೆಲ್ ಸುಡುವ ನಾಡಿಗೆ ಆ ಶಾಖ ಬೇಕು. ಅದೇ ಬುಗ್ಗೆಗಳ ಸುತ್ತಲಿನ ಹಸಿ ನೆಲ ಚಾಂಗ್ಪಾ ಕುರಿಗಾಹಿಗಳಿಗೂ ಬೇಕು. ಸಲಾಕೆ ನೆಟ್ಟು ಕೇಳುವಾಗ ನೆಲಕ್ಕೆ ನೋವಾಗುವುದಿಲ್ಲ. ಕೊರೆಯುವಾಗ ಆ ಭರವಸೆ ಇಲ್ಲ. ಮುಂದಿನ ಅಳತೆಯಲ್ಲಿ ಹುಲ್ಲುಗಾವಲೂ ಲೆಕ್ಕಕ್ಕೆ ಬರಬೇಕು.